ಆಪಾನ ಮೊಣಕಾಲು ನೋವು

ಸತ್ತವರ ಮನೆಯಲ್ಲಿ ನಗಬಾರದು ಎಂಬುದು ನನಗೂ ಗೊತ್ತಿದೆ. ಆದರೆ ಹೋದ ತಿಂಗಳು ಆಪಾ ತೀರಿಕೊಂಡಾಗ ಹುಮನಾಬಾದಿನ ಅವಳ ಮನೆಯಲ್ಲಿ, ಹೆಂಗಸರು ಕೂತಿದ್ದ ಒಳಕೋಣೆಯಲ್ಲಿ ನಡೆದದ್ದೇ ಬೇರೆ. ಬಸವಕಲ್ಯಾಣದಿಂದ ಬಂದಿದ್ದ ಮುದುಕಿಯೊಬ್ಬಳು ಕಣ್ಣೊರೆಸಿಕೊಳ್ಳುತ್ತ, "ಕಡೀಕ ಯಾವ ಡಾಕ್ಟರ್ ನೋಡಿದ್ರವಾ ಆಕೀನ?" ಎಂದು ಕೇಳಿದಳು. "ಯಾರೂ ನೋಡಿಲ್ರಿ. ರಾತ್ರಿ ಮಲಗಿದಾಕಿ ಏಳಲೇ ಇಲ್ಲ" ಎಂದಳು ಆಪಾನ ಸೊಸೆ. ಮುದುಕಿ ಮೂಗೊರೆಸಿಕೊಂಡು, "ಹಂಗಾದ್ರ ಒಬ್ಬ ಡಾಕ್ಟರ್ ಫೇಲ್ ಆಗೂದು ತಪ್ಪಿತು ಬಿಡು" ಎಂದಳು. ಮೊದಲು ಯಾರೋ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ. ನಾನಂತೂ ಅಳುತ್ತಿದ್ದೇನೋ ನಗುತ್ತಿದ್ದೇನೋ ತಿಳಿಯದೆ, ಪಕ್ಕದ ಮನೆಯವರು ತಂದುಕೊಟ್ಟ ಚಹಾವನ್ನು ಸೀರೆಯ ಮೇಲೆ ಚೆಲ್ಲಿಕೊಂಡೆ.

ಆಪಾ ಬಳೆ ಮಾರುತ್ತಿದ್ದಳು. ಮಾಣಿಕನಗರಕ್ಕೆ ಹೋಗುವ ದಾರಿಯಲ್ಲಿ, ಆಟೋಗಳು ನಿಲ್ಲುವ ಕಡೆ, ಕಾಯಿ-ಕರ್ಪೂರದ ಅಂಗಡಿಗಳ ಸಾಲಿನ ಕೊನೆಗೆ ಅವಳ ಪುಟ್ಟ ಅಂಗಡಿ. ಅವಳನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಮುದುಕರಿಗೂ ಮಕ್ಕಳಿಗೂ, ಮಾಣಿಕನಗರದ ಮಠಕ್ಕೆ ಬಂದ ಪರವೂರಿನ ಭಕ್ತರಿಗೂ ಅವಳು ಆಪಾ, ಅಂದರೆ ಅಕ್ಕ. ಸಂತೆಯ ದಿನ ಬಳೆಪೆಟ್ಟಿಗೆ ಎತ್ತಿಕೊಂಡು ಬಸ್ಸು ಹತ್ತಿ ಬಸವಕಲ್ಯಾಣಕ್ಕೂ ಹೋಗುತ್ತಿದ್ದಳು. ಬಳೆ ಇಡಿಸಿಕೊಳ್ಳಲು ಕೂತ ಹೆಂಗಸು ನಡುವೆ ಎದ್ದು ಹೋಗುವಂತಿಲ್ಲ, ಕೈ ಆಪಾನ ಕೈಯಲ್ಲಿರುತ್ತದೆ. ಅಷ್ಟು ಹೊತ್ತು ಅವಳು ಹೇಳಿದ್ದನ್ನು ಕೇಳಲೇಬೇಕು. ಅವಳು ಹೇಳುತ್ತಿದ್ದದ್ದು ಡಾಕ್ಟರುಗಳ ವಿಷಯ.

ಎರಡೂ ಊರಿನ ದವಾಖಾನೆಗಳ ಪರೀಕ್ಷೆ ಮಾಡುವುದು ಆಪಾನ ಚಟವಾಗಿತ್ತು. ಬೇರೆಯವರು ಹೊಸ ಸಿನಿಮಾಕ್ಕೆ ಓಡಿದಂತೆ ಅವಳು ಹೊಸ ಡಾಕ್ಟರ ಬೋರ್ಡು ಕಂಡಲ್ಲಿಗೆ ಓಡುತ್ತಿದ್ದಳು. ಕಲ್ಲಿನಂಥ ಹೆಂಗಸು. ಬಳೆ ತುಂಬಿದ ಪೆಟ್ಟಿಗೆಯನ್ನು ಒಬ್ಬಳೇ ಎತ್ತಿ ಕಂಡಕ್ಟರನ ಕಾಲಬುಡಕ್ಕೆ ಇಡುವವಳು. ಅಂಥವಳು ದವಾಖಾನೆಯ ಮೆಟ್ಟಿಲ ಹತ್ತಿರ ಬಂದ ಕೂಡಲೇ ಕುಂಟತೊಡಗುತ್ತಿದ್ದಳು. ಮೊಣಕಾಲು ನೋವು ಎನ್ನುತ್ತಿದ್ದಳು. ಮೊಣಕಾಲೇ ಯಾಕೆ ಎಂದು ಆಮೇಲೊಮ್ಮೆ ಕೇಳಿದ್ದೆ. "ಹೊಟ್ಟಿ ಅಂದ್ರ ಹೊಟ್ಟಿ ಅದುಮತಾರ, ನನಗ ನಗು ಬರ್ತದ. ಎದಿ ಅಂದ್ರ ಅವರೇ ಅಂಜತಾರ. ಮೊಣಕಾಲು ಪಾಡ, ಯಾರಿಗೂ ತ್ರಾಸಿಲ್ಲ" ಎಂದಿದ್ದಳು.

ಮಾರ್ಕು ಕೊಡುವ ರೀತಿಗೆ ತಲೆಬುಡ ಇರಲಿಲ್ಲ. ಡಾಕ್ಟರು ಸೂಜಿಯ ಹೊಸ ಪಾಕೀಟನ್ನು ಅವಳ ಕಣ್ಣೆದುರೇ ಒಡೆಯಬೇಕು, ಇದು ಸರಿ. ಅವಳು ಆಡುತ್ತಿರುವ ಮಾತು ಮುಗಿಯುವ ತನಕ ಚೀಟಿ ಬರೆಯಬಾರದು, ಇದೂ ಸರಿ. ಆದರೆ ಫ್ಯಾನು ಕಿರುಗುಟ್ಟಿದರೆ ಮಾರ್ಕು ಕಡಿಮೆ. ಡಾಕ್ಟರು ದಪ್ಪಗಿದ್ದರೆ ಜಾಸ್ತಿ, ತನ್ನ ಮೈ ನೋಡಿಕೊಂಡವನು ನಮ್ಮ ಮೈಯನ್ನೂ ನೋಡಿಕೊಳ್ಳುತ್ತಾನೆ ಎಂದು. ಒಬ್ಬರ ಗೋಡೆಯ ಮೇಲೆ ಹೋದ ವರ್ಷದ ಕ್ಯಾಲೆಂಡರ್ ಇತ್ತೆಂದು ಬಾಗಿಲಲ್ಲೇ ಫೇಲ್ ಮಾಡಿ ಬಂದಿದ್ದಳು. "ಗ್ವಾಡಿ ಮ್ಯಾಲಿನ ತಾರೀಖು ನೋಡದವ ಗುಳಗಿ ಮ್ಯಾಲಿನ ತಾರೀಖು ನೋಡತಾನೇನ?" ಎಂದು ಕೇಳುತ್ತಿದ್ದಳು. ಹೀಗೆ ಗಳಿಸಿದ ಗುಳಿಗೆಗಳಲ್ಲಿ ಒಂದನ್ನೂ ಅವಳು ನುಂಗುತ್ತಿರಲಿಲ್ಲ. ಅಂಗಡಿಯಲ್ಲಿ ಒಡೆದ ಬಳೆಚೂರುಗಳ ಡಬ್ಬಿಯೊಂದಿತ್ತು. ಕೆಂಪು, ಹಳದಿ, ಬಿಳಿ ಎಲ್ಲ ಗುಳಿಗೆಗಳೂ ಅದಕ್ಕೇ ಬೀಳುತ್ತಿದ್ದವು. ತಾನು ಪರೀಕ್ಷೆ ಮಾಡುವುದು ಡಾಕ್ಟರನ್ನು, ಗುಳಿಗೆಯನ್ನಲ್ಲ ಎಂಬುದು ಅವಳ ವಾದ.

ನನ್ನ ತವರು ಬಸವಕಲ್ಯಾಣ. ಡಾಕ್ಟರಿ ಓದು ಮುಗಿಸಿ ಹುಮನಾಬಾದಿನಲ್ಲಿ ಒಂದು ಕೋಣೆ, ಒಂದು ಪಡಸಾಲೆ ಬಾಡಿಗೆಗೆ ಹಿಡಿದು ಸಣ್ಣ ದವಾಖಾನೆ ತೆರೆದಿದ್ದೆ. ಅದು ನಡೆಯದಿದ್ದರೆ ಬೋರ್ಡು ಇಳಿಸಿಕೊಂಡು ತವರಿಗೆ ಮರಳಬೇಕಿತ್ತು. ಅಲ್ಲಿ ನೆಂಟರೆಲ್ಲ 'ಹೇಳಿದ್ದೆವಲ್ಲ' ಎನ್ನಲು ಸಿದ್ಧವಾಗಿ ಕೂತಿದ್ದರು. ನನ್ನ ಜೊತೆಗಿದ್ದವಳು ಹುಡಗಿ ಎಂಬ ಹಳ್ಳಿಯ ನರ್ಸು, ಎಲ್ಲರೂ ಸಿಸ್ಟರ್ ಎನ್ನುವವಳು, ಒಬ್ಬಳೇ. ಒಂದು ಬೆಳಗ್ಗೆ ಅವಳು ಕಿಟಕಿಯಿಂದ ಹೊರಗೆ ನೋಡಿ, ಮೈಗೆ ಬೆಂಕಿ ಬಿದ್ದವಳಂತೆ ಒಳಗೆ ಓಡಿಬಂದಳು.

"ಡಾಕ್ಟರಬಾಯಿ, ಇಮ್ತಿಹಾನ್ ಬಂತ್ರಿ, ಪರೀಕ್ಷಾ! ಆಪಾ ಕುಂಟಾಕತ್ತಾಳ!"

ಆಪಾನ ಪರೀಕ್ಷೆಯ ಕಥೆಯನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ, "ಏನ್ ಕೇಳಿದ್ರೂ ಕೊಟ್ಟುಬಿಡ್ರಿ, ನಿಮ್ಮ ಕಾಲು ಬೀಳ್ತೀನಿ" ಎಂದು ಕೈಮುಗಿದಳು. ಅಷ್ಟರಲ್ಲಿ ಬಳೆಗಳ ಸದ್ದಿನೊಂದಿಗೆ ಆಪಾ ಒಳಗೆ ಬಂದು, ಕುರ್ಚಿ ತೋರಿಸುವ ಮೊದಲೇ ಕೂತಳು.

ನಾನು ಮೊಣಕಾಲನ್ನು ಒತ್ತಿ, ಮಡಚಿ, ಚಾಚಿಸಿ, ನಡೆಸಿ, ಕೂರಿಸಿ ನೋಡಿದೆ. ಅಂಥ ಗಟ್ಟಿ ಮೊಣಕಾಲನ್ನು ಓದುವಾಗಲೂ ಕಂಡಿರಲಿಲ್ಲ.

"ಏನೂ ಇಲ್ಲ, ಹೋಗ್ರಿ" ಎಂದೆ.

"ಗುಳಗಿ?"

"ಬ್ಯಾಡ್ರಿ."

"ಸೂಜಿ?"

"ಯಾತಕ್ಕ್ರಿ?"

"ಹೋಗ್ಲಿ, ಹಚ್ಚಾಕ ಮುಲಾಮರ?"

"ಆಪಾ, ನಿಮ್ಮ ಮೊಣಕಾಲು ನನ್ನ ಮೊಣಕಾಲಿಗಿಂತ ಚಲೋ ಅದ."

ನಾನೆದ್ದು ಮೂಲೆಯ ನಲ್ಲಿಯಲ್ಲಿ ಸೋಪು ಹಚ್ಚಿ ಕೈ ತೊಳೆದುಕೊಂಡೆ. ಆಪಾ ಅದನ್ನು ನೋಡಿದಳು, ಮುಖ ಬಿಗಿದುಕೊಂಡಳು, ಸರಸರ ಹೊರಟುಹೋದಳು. "ಸಿಟ್ಟಿನ್ಯಾಗ ಕುಂಟೂದೇ ಮರತ್ಲು ನೋಡ್ರಿ" ಎಂದು ಸಿಸ್ಟರ್ ತಲೆಯ ಮೇಲೆ ಕೈ ಇಟ್ಟುಕೊಂಡಳು.

ಫಲಿತಾಂಶ ನನಗೆ ತಲುಪಿದ್ದು ಅವ್ವನ ಫೋನಿನಿಂದ. ಬಸವಕಲ್ಯಾಣದ ಸಂತೆಯಲ್ಲಿ ಅವ್ವ ಬಳೆ ಇಡಿಸಿಕೊಳ್ಳಲು ಕೂತಿದ್ದಾಳೆ, ಇಡಿಸುತ್ತಿರುವವಳು ಆಪಾ. ಈಕೆ ಯಾರ ತಾಯಿ ಎಂಬುದು ಆಪಾನಿಗೆ ಗೊತ್ತಿಲ್ಲ. ಬಳೆ ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿದೆ. ಆಗ ಆಪಾ ಶುರು ಮಾಡಿದಳಂತೆ. "ಹುಮನಾಬಾದದಾಗ ಹೊಸಾಕಿ ಒಬ್ಬಾಕಿ ಡಾಕ್ಟರ್ ಬಂದಾಳ. ಪೂರಾ ಫೇಲ್! ನಾ ಕುಂಟಕೋತ ಹೋದ್ರ ಏನೂ ಇಲ್ಲ ಹೋಗ್ರಿ ಅಂತಾಳ."

"ನಿಮಗ ಖರೇನ ಬ್ಯಾನಿ ಇತ್ತೇನ್ರಿ?" ಎಂದು ಅವ್ವ ಕೇಳಿದ್ದಾಳೆ.

"ಇಲ್ಲ."

"ಮತ್ತ ಆಕಿ ಹೇಳಿದ್ದು ಖರೇ ಆತಲ್ಲ?"

"ಅಲ್ಲಬೇ, ಅಷ್ಟು ಚಂದ ಕುಂಟೀನಿ. ಅದಕ್ಕರ ಒಂದು ಗುಳಗಿ ಕೊಡಬ್ಯಾಡೇನ?"

ಕೈ ಎಳೆದುಕೊಂಡರೆ ಗಾಜು ಚುಚ್ಚುತ್ತದೆ ಎಂದು ಅವ್ವ ಎರಡೂ ಕೈ ತುಂಬುವ ತನಕ ಸುಮ್ಮನಿದ್ದು, ಆಮೇಲೆ "ಆಕಿ ನನ್ನ ಮಗಳ್ರಿ" ಎಂದಿದ್ದಾಳೆ. ಆಪಾ ಹಿಂಜರಿಯಲಿಲ್ಲ. "ಮಗಳಾದ್ರೇನಾತು, ಫೇಲ್ ಅಂದ್ರ ಫೇಲ್" ಎಂದಳಂತೆ. ಮತ್ತೆ ದನಿ ಇಳಿಸಿ, "ನನ್ನ ಮುಟ್ಟಿ ಕೈ ತೊಳಕೊಂಡ್ಲವಾ. ನಾ ಏನ್ ಹೊಲಸ ಅದೀನೇನ?" ಎಂದಳಂತೆ.

ಅವ್ವನಿಗೆ ನನ್ನ ಮೇಲೆಯೇ ಸಿಟ್ಟು. "ಒಂದು ಶಕ್ತಿ ಗುಳಗಿ ಕೊಟ್ಟು ಕಳಸಿದ್ರ ನಿನ್ನ ಗಂಟೇನ್ ಹೋಗ್ತಿತ್ತು?" ಎಂದು ಬೈದಳು. ಫೇಲಾದದ್ದಕ್ಕೆ ನನಗೆ ನಗು ಬಂದಿತ್ತು. ಆದರೆ ಆ ಕಡೆಯ ಮಾತು ಎದೆಗೆ ನಾಟಿತು. ಮುಟ್ಟಿದರೆ ಮೈಲಿಗೆ ಎನ್ನುವವರನ್ನು ಆಪಾ ಜೀವಮಾನವಿಡೀ ಕಂಡಿರಬೇಕು. ಸೋಪಿನ ನೊರೆಯಲ್ಲಿ ಅವಳಿಗೆ ಅದೇ ಕಂಡಿದ್ದರೆ ತಪ್ಪೇನು?

ಅಷ್ಟರಲ್ಲಿ ನನ್ನ ಪಡಸಾಲೆಯ ಬೆಂಚು ಖಾಲಿಯಾಯಿತು. ಹುಮನಾಬಾದಿನಲ್ಲಿ ಬಳೆ ಇಡಿಸಿಕೊಳ್ಳದ ಮನೆ ಯಾವುದು? ಬೆಂಚಿನ ಮೇಲೆ ಎದುರು ಮನೆಯ ಬೆಕ್ಕು ಮಲಗತೊಡಗಿತು. ಸಿಸ್ಟರ್ ಕೆಂಪು ಗುಳಿಗೆಯ ಬಾಟಲಿಯನ್ನು ದಿನಾ ನನ್ನ ಮುಂದೆ ಸರಿಸಿ, "ವಿಟಮಿನ್ ರಿ, ಯಾರಿಗೂ ಏನೂ ಆಗಂಗಿಲ್ಲ" ಎನ್ನುತ್ತಿದ್ದಳು. ಬೋರ್ಡು ಇಳಿಸುವ ಕನಸು ಹಗಲಲ್ಲೇ ಬೀಳುತ್ತಿತ್ತು. ಒಂದೆರಡು ಸಲ ನನ್ನ ಕೈ ಆ ಬಾಟಲಿಯ ತನಕ ಹೋಗಿ ಬಂದದ್ದೂ ಉಂಟು.

ಕೊನೆಗೊಂದು ಮಧ್ಯಾಹ್ನ ನಾನೇ ಆಪಾನ ಅಂಗಡಿಗೆ ಹೋದೆ. ಅವಳು ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು. "ಯಾ ಅಲ್ಲಾ, ಬೋಳ ಕೈ! ಇದಕ್ಕೂ ಮಾರ್ಕು ಕಟ್" ಎನ್ನುತ್ತ ನನ್ನ ಕೈ ಎಳೆದುಕೊಂಡು, ಕೇಳದೆಯೇ ಹಸಿರು ಚಮಕಿ ಬಳೆ ಏರಿಸತೊಡಗಿದಳು. ದವಾಖಾನೆಯಲ್ಲಿ ಬಳೆ ತೊಟ್ಟರೆ ಕೈ ಸ್ವಚ್ಛವಾಗುವುದಿಲ್ಲ ಎಂದು ನಾನು ಹೇಳುವ ಮೊದಲೇ ಅರ್ಧ ಡಜನ್ ಏರಿಬಿಟ್ಟಿತ್ತು. ಆ ಬಳೆಗಳ ಚಮಕಿ ಉದುರಿ ಅವಳ ಬೆರಳು, ನನ್ನ ಬೆರಳು ಎಲ್ಲ ಮಿಂಚುತ್ತಿದ್ದವು. ಪಕ್ಕದಲ್ಲಿ ಒಬ್ಬ ತಾಯಿ ಕೂಸನ್ನು ಎತ್ತಿಕೊಂಡು ಕೂತಿದ್ದಳು. ನಾನು ಕೂಸಿನ ಗಲ್ಲ ಹಿಂಡಿದೆ. ಗಲ್ಲ ಮಿಂಚಿತು.

"ನೋಡ್ರಿ ಆಪಾ. ನಿಮ್ಮ ಕೈಯಿಂದ ನನ್ನ ಕೈಗಿ ಬಂತು, ನನ್ನ ಕೈಯಿಂದ ಕೂಸಿನ ಗಲ್ಲಕ್ಕ ಹೋತು. ಇದು ಚಮಕಿ, ಕಣ್ಣಿಗಿ ಕಾಣ್ತದ. ಕೆಮ್ಮು, ಹುಣ್ಣು, ಜ್ವರ ಕಾಣಂಗಿಲ್ಲ. ನಿಮ್ಮನ್ನ ಮುಟ್ಟಿದ್ದಕ್ಕ ಕೈ ತೊಳಕೊಂಡಿಲ್ರಿ, ಮುಂದ ಬರಾವ್ರ ಸಲುವಾಗಿ ತೊಳಕೊಂಡೀನಿ. ನಿಮಗಿಂತ ಮೊದಲು ಬಂದಾವ್ರನ್ನ ಮುಟ್ಟಿದ ಮ್ಯಾಲೂ ತೊಳಕೊಂಡಿದ್ದೆ, ನಿಮ್ಮ ಸಲುವಾಗಿ."

ಆಪಾ ಕೂಸಿನ ಗಲ್ಲವನ್ನು ನೋಡಿದಳು. ತನ್ನ ಬೆರಳನ್ನು ನೋಡಿಕೊಂಡಳು. ಆಮೇಲೆ ನಕ್ಕಳು ನೋಡಿ, ಗೋಡೆಗೆ ತೂಗುಹಾಕಿದ್ದ ಬಳೆಯ ಸರಗಳೆಲ್ಲ ಕುಣಿದವು. ಅವಳ ತಲೆಯೊಳಗೆ ಏನು ಹುಟ್ಟಿತೆಂಬುದು ನನಗೆ ತಿಳಿದದ್ದು ಮುಂದಿನ ವಾರ.

ಮಣಿಕಟ್ಟಿನ ತುಂಬ ಚಮಕಿ ಬಳಿದುಕೊಂಡು ಆಪಾ ದವಾಖಾನೆಗಳ ಮೇಲೆ ದಂಡೆತ್ತಿ ಹೊರಟಿದ್ದಳು. ಡಾಕ್ಟರು ನಾಡಿ ಹಿಡಿಯಬೇಕು, ಇವಳು ಹೊರಗೆ ಬಂದು ಬಾಗಿಲ ಹತ್ತಿರ ಕಾಯಬೇಕು. ಅವಳ ನಂತರ ಒಳಗೆ ಹೋದವರು ಮಿಂಚುತ್ತ ಬಂದರೆ ಡಾಕ್ಟರು ಫೇಲ್. ಬಸವಕಲ್ಯಾಣದಲ್ಲಿ ಒಂದು ಕಡೆ ಗಂಭೀರವಾದ ಮೇಷ್ಟ್ರೊಬ್ಬರು ಕಣ್ಣ ಕೆಳಗೆ, ಮೂಗಿನ ತುದಿಗೆ ಚಮಕಿ ಹೊತ್ತು ಮದುಮಗನ ಹಾಗೆ ಹೊರಗೆ ಬಂದರಂತೆ. ಆಪಾ ಅವರನ್ನು ಬೀದಿಯಲ್ಲೇ ನಿಲ್ಲಿಸಿ ಎಲ್ಲರಿಗೂ ತೋರಿಸಿದಳು. ಸುದ್ದಿ ಬಸ್ಸಿಗಿಂತ ಮೊದಲು ಹುಮನಾಬಾದಿಗೆ ಬಂತು. ಅವಳ ಬಳೆಯ ಸದ್ದು ಕೇಳಿದರೆ ಸಾಕು, ಎರಡೂ ಊರಿನ ದವಾಖಾನೆಗಳಲ್ಲಿ ನಲ್ಲಿ ತಿರುಗುತ್ತಿತ್ತು. ಒಬ್ಬರು ಹೊಸ ಬೇಸಿನ್ನನ್ನೇ ಹಾಕಿಸಿ, ರಸ್ತೆಗೆ ಕಾಣುವಂತೆ ಬಾಗಿಲು ತೆರೆದಿಟ್ಟರು.

ನನ್ನ ಫಲಿತಾಂಶ ಮಾತ್ರ ಬದಲಾಗಲಿಲ್ಲ. "ಕೈ ತೊಳೆಯೂದ್ರಾಗ ಪಾಸ್. ರೋಗ ಹಿಡಿಯೂದ್ರಾಗ ಫೇಲ್" ಎಂದು ತೀರ್ಪು ಕೊಟ್ಟಳು. ಆದರೆ ಫೇಲಾದವರಿಗೆ ಮರುಪರೀಕ್ಷೆ ಉಂಟು ಎಂದಳು.

ಮರುಪರೀಕ್ಷೆಗಳ ಆ ಕಾಲವನ್ನು ನೆನೆದರೆ ಈಗಲೂ ಹೊಟ್ಟೆ ಹುಣ್ಣಾಗುತ್ತದೆ. ಒಂದು ಸಲ ಸೊಂಟ, ಒಂದು ಸಲ ಕಿವಿ. ಒಮ್ಮೆ ಕಣ್ಣಿಗೆ ಎಲ್ಲವೂ ಎರಡೆರಡು ಕಾಣುತ್ತವೆ ಎಂದಳು. ನಾನು ಎರಡು ಬೆರಳು ತೋರಿಸಿ ಎಷ್ಟು ಎಂದೆ. "ಎರಡು" ಎಂದವಳು ನಾಲಗೆ ಕಚ್ಚಿಕೊಂಡಳು. ಒಮ್ಮೆ ಮಾತೇ ಹೊರಡುತ್ತಿಲ್ಲ ಎಂದು ಕೈಸನ್ನೆಯಲ್ಲಿ ತೋರಿಸಿದಳು. ಸಿಸ್ಟರ್ ಹಿಂದಿನಿಂದ "ಆಪಾ, ಅಂಗಡಿಯಾಗ ಮಂಗ್ಯಾ ಹೊಕ್ಕಾದ" ಎಂದಾಗ ಅವಳ ಬಾಯಿಂದ ಹೊರಟ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಪ್ರತಿಸಲವೂ ನಾನು ತಲೆಯಿಂದ ಕಾಲಿನ ತನಕ ನೋಡುತ್ತಿದ್ದೆ. ಪ್ರತಿಸಲವೂ "ಏನೂ ಇಲ್ಲ, ಹೋಗ್ರಿ" ಎನ್ನುತ್ತಿದ್ದೆ. ಆಪಾ ಪಡಸಾಲೆಯಲ್ಲಿ ನಿಂತು "ಮತ್ತ ಫೇಲ್!" ಎಂದು ಕೂಗಿ ಹೋಗುತ್ತಿದ್ದಳು.

ಈ ಆಟ ನೋಡಲು ಜನ ಬರತೊಡಗಿದರು. ಆಟ ನೋಡಲು ಬಂದವರು ಕೆಮ್ಮನ್ನೂ ತೋರಿಸಿಕೊಂಡು ಹೋದರು. ಬೆಕ್ಕಿಗೆ ಬೆಂಚಿನ ಮೇಲೆ ಜಾಗ ಸಿಗದಾಯಿತು. ಬೋರ್ಡು ಉಳಿಯಿತು. ಯಾವ ವಾರ ಆಪಾ ಬರುವುದಿಲ್ಲವೋ ಆ ವಾರ ನನಗೇ ಏನೋ ಕಳೆದುಹೋದಂತೆ ಆಗುತ್ತಿತ್ತು. ಅವಳೆಂದರೆ ನನಗೆ ಅಷ್ಟು ಪ್ರೀತಿ ಬೆಳೆದುಬಿಟ್ಟಿತ್ತು.

ಒಂದು ಮಧ್ಯಾಹ್ನ ಸಿಸ್ಟರ್ ಊಟಕ್ಕೆ ಹೋಗಿದ್ದಳು. ನಾನು ಬಾಗಿಲು ಮುಂದೆ ಮಾಡಿ ಕೂತಿದ್ದೆ. ತಲೆ ಎತ್ತಿದರೆ ಎದುರಿಗೆ ಆಪಾ. ಬಂದದ್ದೇ ಗೊತ್ತಾಗಿರಲಿಲ್ಲ. ಸದ್ದಾಗದಂತೆ ಬಳೆಗಳನ್ನೆಲ್ಲ ಮೊಣಕೈ ತನಕ ಸರಿಸಿ ಬಟ್ಟೆ ಸುತ್ತಿಕೊಂಡಿದ್ದಳು. ಕುಂಟಿರಲಿಲ್ಲ.

"ಇವತ್ತು ಏನ್ರಿ ಆಪಾ, ಮೊಣಕಾಲೋ ಕಿವಿಯೋ?" ಎಂದು ನಗುತ್ತ ಕೇಳಿದೆ.

ಅವಳು ನಗಲಿಲ್ಲ. ಬಾಗಿಲ ಚಿಲಕ ಹಾಕಿ ಬಂದು ಎಡ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಇಲ್ಲಿ ಒಂದು ಗಂಟು ಅದ. ಬ್ಯಾನಿ ಇಲ್ಲ. ಇಬ್ಬರು ಡಾಕ್ಟರ ಹಂತೇಕ ಹೋಗಿ ಬಂದೀನಿ."

"ಏನಂದ್ರು?"

ಅವಳು ಸೆರಗಿನ ಗಂಟು ಬಿಚ್ಚಿ ಮೇಜಿನ ಮೇಲೆ ಗುಳಿಗೆ ಸುರಿದಳು. ನೋವಿನ ಗುಳಿಗೆ, ಕೆಂಪು ವಿಟಮಿನ್.

"ಅದೇ ಗುಳಗಿ, ಬೇಟಿ. ಸುಳ್ಳ ಮೊಣಕಾಲಿಗಿ ಕೊಟ್ಟಿದ್ರಲ್ಲ, ಅವೇ. ಒಬ್ಬವ ಕೈ ಹಚ್ಚಿ ನೋಡಲೇ ಇಲ್ಲ. ನಾ ಇಲ್ಲದ ಬ್ಯಾನಿ ಹೇಳಿದಾಗೂ ಅವರು ಅದ ಅಂದಿದ್ರು. ಈಗ ಅದ ಅಂದ್ರೂ ಹ್ಯಾಂಗ ನಂಬಲಿ, ಇಲ್ಲ ಅಂದ್ರೂ ಹ್ಯಾಂಗ ನಂಬಲಿ? ಇಲ್ಲದ್ದಕ್ಕ ಇಲ್ಲ ಅಂದಾಕಿ ಈ ಎರಡೂ ಊರಾಗ ನೀನೊಬ್ಬಾಕಿ. ಇದ್ರ ಅದ ಅಂತೀ. ಹೇಳು, ನನಗ ಅಂಜಿಕಿ ಆಗಾಕತ್ತದ."

ಅಲ್ಲಿಯ ತನಕ ಅವಳು ನನ್ನನ್ನು ಬೇಟಿ, ಅಂದರೆ ಮಗಳೇ, ಎಂದು ಕರೆದಿರಲಿಲ್ಲ. ನಾನೆದ್ದು ಅವಳು ನೋಡುವ ಹಾಗೆ ಕೈ ತೊಳೆದೆ. ತಣ್ಣಗಿದ್ದ ಬೆರಳುಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡೆ. 'ಏನೂ ಇಲ್ಲ, ಹೋಗ್ರಿ' ಎಂಬ ನನ್ನ ಮಾಮೂಲು ಮಾತನ್ನು ಹೇಳಲು ಅವತ್ತಿನಷ್ಟು ಆಸೆಪಟ್ಟದ್ದು ಹಿಂದೆಂದೂ ಇಲ್ಲ. ಬೆರಳ ಕೆಳಗೆ ಗಂಟು ಗಟ್ಟಿಯಾಗಿತ್ತು, ಅಲುಗಲಿಲ್ಲ.

"ಅದ, ಆಪಾ" ಎಂದೆ. "ಇದು ಚಲೋ ಗಂಟು ಅಲ್ಲ ಅಂತ ನನಗ ಸಂಶಯ ಅದ. ನಾಳೆನೇ ಕಲಬುರಗಿಗಿ ಹೋಗಿ ತೋರಿಸೂಣು. ನಾನೂ ಬರ್ತೀನಿ. ಲಗೂನ ಬಂದೀರಿ, ಅದು ಚಲೋ ಆತು."

ಆಪಾ ಮೇಜಿನ ಮೇಲಿನ ಗುಳಿಗೆಗಳನ್ನು ಅಂಗೈಯಿಂದ ಒಂದು ಕಡೆ ಸರಿಸಿದಳು. ಆಮೇಲೆ ಕುಪ್ಪಸದ ಗುಂಡಿ ಹಾಕಿಕೊಳ್ಳುತ್ತ, ಮೆಲ್ಲಗೆ, "ಪಾಸ್" ಎಂದಳು. ಅವಳು ಹೋದ ಮೇಲೆ ನಾನು ಮೇಜಿಗೆ ತಲೆ ಹಚ್ಚಿ ಅತ್ತೆ.

ಕಲಬುರಗಿಯ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಆಪರೇಷನ್ನಿಗೆ ಮೊದಲು ಬಳೆ ಒಡೆಯಬೇಕೆಂದು ನರ್ಸುಗಳು ಇಕ್ಕಳ ತಂದಾಗ ಆಪಾ ಅವರ ಇಕ್ಕಳ ಕಸಿದುಕೊಂಡು, ಸೋಪು ತರಿಸಿ, ಒಂದೂ ಒಡೆಯದಂತೆ ಜಾರಿಸಿ ತೆಗೆದು ತೋರಿಸಿದಳು. ಎಚ್ಚರವಾದ ಮರುದಿನದಿಂದಲೇ ವಾರ್ಡಿನ ಪರೀಕ್ಷೆ ಶುರುವಾಯಿತು. ಅಲ್ಲಿನ ದೊಡ್ಡ ಸರ್ಜನರು ಕೈ ತೊಳೆಯದೆ ಮಂಚದ ಹತ್ತಿರ ಬಂದಾಗ ಇವಳು ಚಾದರ ಕುತ್ತಿಗೆಯ ತನಕ ಎಳೆದುಕೊಂಡು, "ಮೊದಲು ನಲ್ಲಿ, ಆಮ್ಯಾಲೆ ನಾ" ಎಂದಳು. ಸರ್ಜನರು ನಲ್ಲಿಗೆ ಹೋದರು. ವಾರ್ಡಿಗೆ ವಾರ್ಡೇ ಚಪ್ಪಾಳೆ ತಟ್ಟಿತು. ಕ್ಯಾನ್ಸರಿನ ಔಷಧಿ ಏರಿಸುತ್ತಿದ್ದ ಕಾಲದಲ್ಲಿ ಕೂದಲು ಉದುರಿದಾಗ, "ಎಣ್ಣಿ ಖರ್ಚು ಉಳೀತು" ಎಂದು ತಲೆ ಸವರಿಕೊಂಡಳು.

ಅಲ್ಲಿಂದ ಮುಂದೆ ಹಲವು ವರ್ಷ ಅವಳು ತಪಾಸಣೆಗೆ ಬರುತ್ತಿದ್ದಳು. ಕಲಬುರಗಿಯ ವರದಿ ಹಿಡಿದುಕೊಂಡು ಬಂದು ನನ್ನ ಕೈಯಿಂದಲೂ ನೋಡಿಸಿಕೊಳ್ಳಬೇಕು. ನೋಡುವಷ್ಟು ಹೊತ್ತು ಕಣ್ಣು ಮುಚ್ಚಿ ತುಟಿ ಅಲುಗಿಸುತ್ತಿದ್ದಳು. ನಾನು "ಏನೂ ಇಲ್ಲ, ಹೋಗ್ರಿ" ಎಂದ ಕೂಡಲೇ ಎದ್ದು ಬಾಗಿಲು ತೆರೆದು, "ಇನ್ನೊಮ್ಮೆ ಹೇಳು, ಜೋರಾಗಿ ಹೇಳು, ಎಲ್ಲಾರಿಗೂ ಕೇಳಲಿ" ಎನ್ನುತ್ತಿದ್ದಳು. ನಾನು ಪಡಸಾಲೆಗೆ ಕೇಳುವಂತೆ ಕೂಗುತ್ತಿದ್ದೆ. ಒಮ್ಮೆ ನನ್ನ ದವಾಖಾನೆಯನ್ನು ಖಾಲಿ ಮಾಡಿಸಿದ್ದ ಅದೇ ಮಾತಿಗೆ ಈಗ ಬೆಂಚಿನ ಮೇಲಿದ್ದವರೆಲ್ಲ ಪೇಡೆ ತಿನ್ನುತ್ತಿದ್ದರು. ಸಕ್ಕರೆ ಕಾಯಿಲೆಯವರಿಗೂ ತುರುಕುತ್ತಿದ್ದಳು. ಅದಕ್ಕೆ ನಾನು ಅವಳ ಮಾರ್ಕು ಕಡಿಯುತ್ತಿದ್ದೆ.

ಕೊನೆಯ ಸಲ ಬಂದದ್ದು ಈಚೆಗೆ, ಬೇಸಿಗೆ ಶುರುವಾಗುವಾಗ. ನೋಡಿದೆ, ಏನೂ ಇರಲಿಲ್ಲ. ಕೂಗಿ ಹೇಳಿದ್ದೂ ಆಯಿತು, ಪೇಡೆ ಹಂಚಿದ್ದೂ ಆಯಿತು. ಆಪಾ ಮಾತ್ರ ಕುರ್ಚಿಯಿಂದ ಏಳಲಿಲ್ಲ.

"ಬೇಟಿ, ಮೊಣಕಾಲು" ಎಂದಳು.

ಪಡಸಾಲೆ ಗೊಳ್ಳೆಂದು ನಕ್ಕಿತು. ಸಿಸ್ಟರ್ ನಗುತ್ತ ಗೋಡೆಗೆ ಒರಗಿದಳು. ನಾನೂ ನಗುತ್ತಲೇ ಕೈ ತೊಳೆದು ಬಂದು, ಮೊಣಕಾಲನ್ನು ಹಿಡಿದು ಮಡಚಿದೆ. ಒಳಗೆ ಕರಕರ ಎಂದಿತು. ಊದಿಕೊಂಡಿತ್ತು. ಆ ಕಲ್ಲಿನಂಥ ಮೊಣಕಾಲಿಗೆ ಕೊನೆಗೂ ವಯಸ್ಸಾಗಿತ್ತು.

"ಈ ಸಲ ಖರೇನ ಅದ, ಆಪಾ."

ಅವಳ ಮುಖ ಹೇಗೆ ಅರಳಿತೆಂದರೆ, ಬಹುಮಾನ ಬಂದವರ ಮುಖವೂ ಹಾಗೆ ಅರಳುವುದಿಲ್ಲ. "ಹೇಳಿದ್ದೆ ಇಲ್ಲ? ಮೊದಲನೇ ದಿನಾನೇ ಹೇಳಿದ್ದೆ!" ಎಂದು ಪಡಸಾಲೆಗೆ ಸಾರಿದಳು.

"ಊಟ ಆಗ್ಯಾದೇನ್ರಿ?" ಎಂದು ಕೇಳಿ, ಆಗಿದೆ ಎಂದ ಮೇಲೆ, ಗುಳಿಗೆಯ ಮೇಲಿನ ತಾರೀಖನ್ನು ಅವಳಿಗೆ ತೋರಿಸಿ ಒಂದನ್ನು ಅಂಗೈಯಲ್ಲಿಟ್ಟೆ. ಇಷ್ಟು ವರ್ಷಗಳಲ್ಲಿ ನಾನೇ ನನ್ನ ಕೈಯಾರೆ ಆಪಾನಿಗೆ ಕೊಟ್ಟ ಮೊದಲ ಗುಳಿಗೆ ಅದು. ಅವಳು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ಬಳಿಚೂರಿನ ಡಬ್ಬಿಗಿ ಹಾಕಾಕ ಒಯ್ತೀರೇನು?" ಎಂದು ಛೇಡಿಸಿದೆ.

ಆಪಾ ಸಿಸ್ಟರಿಗೆ ನೀರು ತರಲು ಹೇಳಿದಳು. ಎಲ್ಲರೂ ನೋಡುತ್ತಿರುವಂತೆ ಗುಳಿಗೆಯನ್ನು ಬಾಯಿಗೆ ಹಾಕಿಕೊಂಡು, ಲೋಟದ ನೀರನ್ನು ಗಟಗಟ ಕುಡಿದಳು. ಆಮೇಲೆ ನನ್ನ ಕಡೆ ತಿರುಗಿ ಬಾಯಿ ಅಗಲಿಸಿ, ಖಾಲಿ ನಾಲಗೆಯನ್ನು ಚಾಚಿ ತೋರಿಸಿದಳು.